ವಾರ್ಡಿನಲ್ಲಿ ಕೈತಪ್ಪಾದಾಗ: ಹೊಸಬರಿಗೆ ಹಂತ ಹಂತವಾಗಿ

ಹೀಗೊಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಟಿ ತಿಂಗಳ ಮಳೆ. ಉಜಿರೆ ಸುತ್ತಿನ ಯಾವುದೋ ಒಂದು ಆಸ್ಪತ್ರೆಯ ಪುರುಷರ ವಾರ್ಡು. ನೀವು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದೆ. ಹನ್ನೆರಡನೇ ಬೆಡ್ಡಿನಲ್ಲಿ ಚಾರ್ಮಾಡಿ ಕಡೆಯ ಒಬ್ಬರು ಅಜ್ಜ. ಸಕ್ಕರೆ ಕಾಯಿಲೆ ಹಳೆಯದು, ಕಾಲಿನ ಗಾಯ ಮಾಗದೆ ದಾಖಲಾದವರು. ರಾತ್ರಿ ಒಂಬತ್ತಕ್ಕೆ ದಿನವಿಡೀ ಕೆಲಸ ಮಾಡುವ ಬಗೆಯ ಇನ್ಸುಲಿನ್ 20 ಯೂನಿಟ್ ಕೊಡಬೇಕು. ನೀವು ವೈಯಲ್ ತೆಗೆದಿರಿ, ಟ್ರೇಯಲ್ಲಿದ್ದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದಿರಿ, ಚುಚ್ಚಿದಿರಿ. ಸಿರಿಂಜನ್ನು ಡಬ್ಬಿಗೆ ಹಾಕುವಾಗ ಅದರ ಮುಚ್ಚಳ ಕಣ್ಣಿಗೆ ಬಿತ್ತು. ಕೆಂಪು.

ಎದೆ ಧಸಕ್ಕೆಂದಿತು. ಕೆಂಪು ಮುಚ್ಚಳದ ಸಿರಿಂಜ್ ಇರುವುದು ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ವೈಯಲಿಗೆ. ನೀವು ತೆಗೆದದ್ದು 100 ಎಂದು ಬರೆದ ವೈಯಲ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕಿತ್ತು. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. 100ರ ವೈಯಲಿನ ಅರ್ಧ ಮಿಲಿಲೀಟರ್ ಎಂದರೆ 50 ಯೂನಿಟ್. ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು.

ಅಜ್ಜ ಮಗನ ಜೊತೆ ತುಳುವಿನಲ್ಲಿ ಅಡಿಕೆ ಕೊಳೆರೋಗದ ಮಾತಾಡುತ್ತಿದ್ದಾರೆ. ಯಾರೂ ನಿಮ್ಮನ್ನು ನೋಡಲಿಲ್ಲ. ಈಗೇನು ಮಾಡುತ್ತೀರಿ?

ಇದು ಕಲ್ಪಿಸಿಕೊಂಡ ಸನ್ನಿವೇಶ. ಆದರೆ ಎರಡು ಬಗೆಯ ಇನ್ಸುಲಿನ್ ವೈಯಲ್, ಎರಡು ಬಗೆಯ ಸಿರಿಂಜ್ ಒಟ್ಟಿಗೆ ಬಳಕೆಯಲ್ಲಿರುವ ನಮ್ಮ ದೇಶದಲ್ಲಿ ಯಾವ ವಾರ್ಡಿನಲ್ಲೂ ಆಗಬಹುದಾದದ್ದು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಆಸ್ಪತ್ರೆ, ಲ್ಯಾಬ್, ಔಷಧದ ಅಂಗಡಿಗಳಿಗೆ ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರು ಕೆಲಸಕ್ಕೆ ಬರುತ್ತಾರೆ. ಚುಚ್ಚುವುದನ್ನು, ಅಳೆಯುವುದನ್ನು, ಪಟ್ಟಿ ಕಟ್ಟುವುದನ್ನು ಅವರಿಗೆ ಕಲಿಸಿರುತ್ತಾರೆ. ತಪ್ಪಾದಾಗ ಬಾಯಿ ತೆರೆಯುವುದನ್ನೂ ಹಾಗೆಯೇ ಕಲಿಸಬೇಕು, ಕಲಿಯಬೇಕು. ನಾನು ಹೇಳಹೊರಟಿರುವುದು ಒಂದೇ ಮಾತು: ತಪ್ಪನ್ನು ಹೇಳುವುದು ಆರೈಕೆಯ ಒಂದು ಭಾಗ. ಮದ್ದು ಕೊಡುವಷ್ಟೇ, ಗಾಯ ತೊಳೆಯುವಷ್ಟೇ.

ಹಂತ 1: ಮೊದಲು ರೋಗಿಯ ಬಳಿ ಹೋಗಿ

ನಿಮ್ಮ ಭಯ, ನಾಚಿಕೆ, ನಾಳೆಯ ವಿಚಾರಣೆ ಎಲ್ಲವೂ ಕಾಯಲಿ. ಇನ್ಸುಲಿನ್ ಕಾಯುವುದಿಲ್ಲ. ಅಜ್ಜನ ಬಳಿ ಹೋಗಿ ಮಾತಾಡಿಸಿ. ಬೆವರುತ್ತಿದ್ದಾರೆಯೇ, ಕೈ ನಡುಗುತ್ತಿದೆಯೇ, ಮಾತು ಸರಿಯಾಗಿದೆಯೇ ನೋಡಿ. ಬೆರಳ ತುದಿಯ ರಕ್ತದಿಂದ ಸಕ್ಕರೆ ಪರೀಕ್ಷಿಸಿ, ಸಮಯದ ಜೊತೆ ಬರೆದಿಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದು, ರೋಗಿಗೆ ಪೂರ್ತಿ ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕೊಡುವುದು ಎಲ್ಲರೂ ಕಲಿತ ಪಾಠ. ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ರಕ್ತನಾಳದ ಮೂಲಕ ಕೊಡಬೇಕಾದದ್ದನ್ನು ವೈದ್ಯರು ಹೇಳುತ್ತಾರೆ.

ಈ ಹಂತದಲ್ಲೇ ನೀತಿಯ ಮೊದಲ ಪಾಠವಿದೆ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಈಗಲೇ ಏನನ್ನೂ ತೋರಿಸದೇ ಇರಬಹುದು. ಅದರ ಹೊಡೆತ ನಸುಕಿನ ಮೂರು ಗಂಟೆಗೆ ಬರಬಹುದು. ಆಗ ಅಜ್ಜ ಬೆವರಿ ಮಂಪರಾದರೆ, ವಿಷಯ ಗೊತ್ತಿಲ್ಲದವರ ಕಣ್ಣಿಗೆ ಅದು ಗಾಢ ನಿದ್ದೆ. ಗೊತ್ತಿದ್ದವರಿಗೆ ಮಾತ್ರ ಅದು ಅಪಾಯದ ಗಂಟೆ. ಗೊತ್ತಿರುವುದು ಸದ್ಯಕ್ಕೆ ನಿಮಗೊಬ್ಬರಿಗೇ.

ಹಂತ 2: ತಡಮಾಡದೆ ಡ್ಯೂಟಿ ಡಾಕ್ಟರಿಗೆ ಹೇಳಿ

ಹೇಗೆ ಹೇಳುವುದೆಂದು ಯೋಚಿಸುತ್ತ ಕೂತರೆ ಹತ್ತು ನಿಮಿಷ ಹೋಗುತ್ತದೆ. ಆದ್ದರಿಂದ ನಾಲ್ಕು ವಿಷಯಗಳ ಕ್ರಮವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ: ಯಾರಿಗೆ, ಏನಾಯಿತು, ಈಗ ಹೇಗಿದ್ದಾರೆ, ನಿಮ್ಮಿಂದ ಏನು ಬೇಕು.

“ಸರ್, ಮೇಲ್ ವಾರ್ಡಿನಿಂದ. 12ನೇ ಬೆಡ್ಡಿನ ಅಜ್ಜನಿಗೆ ಇನ್ಸುಲಿನ್ 20 ಯೂನಿಟ್ ಬರೆದಿದ್ದಿರಿ, ನನ್ನಿಂದ 50 ಹೋಗಿದೆ. 100ರ ವೈಯಲಿಗೆ 40ರ ಸಿರಿಂಜ್ ತೆಗೊಂಡೆ. ಕೊಟ್ಟದ್ದು ಒಂಬತ್ತಕ್ಕೆ, ಈಗ ಒಂಬತ್ತೂ ಹತ್ತು. ಶುಗರ್ 142 ಉಂಟು, ಅಜ್ಜ ಸರಿಯಾಗಿ ಮಾತಾಡ್ತಾ ಇದ್ದಾರೆ. ನೀವು ಬಂದು ನೋಡ್ಬೇಕು ಸರ್. ಅಷ್ಟರವರೆಗೆ ನಾನೇನು ಮಾಡ್ಲಿ?”

ಇಷ್ಟೇ. ಇದರಲ್ಲಿ ನೆಪವಿಲ್ಲ, ಅಳುವಿಲ್ಲ, ಸುತ್ತುಬಳಸಿಲ್ಲ. “ಇನ್ಸುಲಿನ್ ಸ್ವಲ್ಪ ಜಾಸ್ತಿ ಆಯ್ತೇನೋ” ಎಂಬ ಮಾತು ವೈದ್ಯರಿಗೆ ಯಾವ ಉಪಯೋಗಕ್ಕೂ ಬಾರದು. “50 ಹೋಗಿದೆ” ಎಂದರೆ ರಾತ್ರಿಯಿಡೀ ಎಷ್ಟು ಹೊತ್ತಿಗೊಮ್ಮೆ ಪರೀಕ್ಷೆ, ಯಾವ ಡ್ರಿಪ್, ಬೆಳಿಗ್ಗೆಯವರೆಗೆ ಯಾರು ಕಾವಲು ಎಂಬುದನ್ನೆಲ್ಲ ಅವರು ಆ ಕ್ಷಣವೇ ತೀರ್ಮಾನಿಸಬಲ್ಲರು. ವೈದ್ಯರು ಸಿಡುಕಿದರೆ ಸಿಡುಕಲಿ. ಕೇಳಿಸಿಕೊಂಡರೆ ಸಾಕು. ಫೋನಿಟ್ಟ ಮೇಲೆ ಇನ್‌ಚಾರ್ಜ್ ಸಿಸ್ಟರಿಗೂ ಇದೇ ಮಾತನ್ನು ಹೇಳಿ.

ಹಂತ 3: ವಸ್ತುಗಳನ್ನು ಎತ್ತಿಡಿ, ಬರವಣಿಗೆಯನ್ನು ನೆಟ್ಟಗಿಡಿ

ವೈಯಲ್, ಬಾಟಲಿ, ಪ್ಯಾಕೆಟ್ಟು ಯಾವುದನ್ನೂ ಕಸಕ್ಕೆ ಹಾಕಬೇಡಿ. ಔಷಧದ ಹೆಸರು, ಕಂಪನಿ, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕನ್ನು ಬರೆದುಕೊಳ್ಳಿ. ತಪ್ಪು ನಿಮ್ಮ ಕೈಯಲ್ಲೇ ಆದದ್ದು ಎಂದು ಖಚಿತವಿದ್ದರೂ ಇದನ್ನು ಮಾಡಿ. ಕೆಲವೊಮ್ಮೆ ತಪ್ಪು ವಾರ್ಡಿಗಿಂತ ಬಹಳ ದೂರದಲ್ಲಿ ಹುಟ್ಟಿರುತ್ತದೆ.

ನಮ್ಮ ರಾಜ್ಯವೇ ಇದಕ್ಕೆ ಭಾರೀ ಬೆಲೆ ತೆತ್ತಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು, ಐವರು ತೀರಿಕೊಂಡರು. ಪಶ್ಚಿಮ ಬಂಗಾಳದ ಕಂಪನಿಯೊಂದು ತಯಾರಿಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಸಂಶಯ ಬಂತು. ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಒಂದು ವಾರ್ಡಿನಲ್ಲಿ ನಿಂತವರಿಗೆ ಅದು ಒಬ್ಬ ತಾಯಿಯ ದುರದೃಷ್ಟದಂತೆ ಕಾಣಬಹುದಿತ್ತು. ಎಲ್ಲವನ್ನೂ ಒಂದೆಡೆ ಬರೆದು ಜೋಡಿಸಿದಾಗ ಮಾತ್ರ ಒಂದೇ ಎಳೆ ಕಾಣಿಸುತ್ತದೆ. ಎಸೆದ ಬಾಟಲಿಯನ್ನು ಯಾರೂ ಪರೀಕ್ಷೆ ಮಾಡಲಾರರು.

ಇನ್ನು ಕೇಸ್ ಶೀಟ್. ಇದ್ದದ್ದು ಇದ್ದ ಹಾಗೆ, ಆದ ಕ್ರಮದಲ್ಲಿ, ಗಂಟೆ ನಿಮಿಷದೊಂದಿಗೆ ಬರೆಯಿರಿ. ಹೀಗೆ:

“ರಾತ್ರಿ 9:00: ಇನ್ಸುಲಿನ್ 20 ಯೂನಿಟ್ ಸೂಚನೆ ಇದ್ದು, 50 ಯೂನಿಟ್ ಕೊಡಲಾಗಿದೆ (100ರ ವೈಯಲ್, 40ರ ಸಿರಿಂಜ್). 9:05: ರಕ್ತದ ಸಕ್ಕರೆ 142, ರೋಗಿ ಎಚ್ಚರ. 9:10: ಡ್ಯೂಟಿ ಡಾಕ್ಟರಿಗೆ ತಿಳಿಸಲಾಯಿತು.”

“ಅಚಾತುರ್ಯದಿಂದ”, “ಕೆಲಸದ ಒತ್ತಡದಿಂದ”, “ಹಿಂದಿನ ಶಿಫ್ಟಿನವರ ಬೇಜವಾಬ್ದಾರಿಯಿಂದ” ಎಂಬ ಮಾತುಗಳಿಗೆ ಕೇಸ್ ಶೀಟ್‌ನಲ್ಲಿ ಜಾಗವಿಲ್ಲ. ಅವು ಘಟನಾ ವರದಿಗೆ ಸೇರಿದವು. ಬರೆದದ್ದು ತಪ್ಪಿದ್ದರೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಮತ್ತು ಸಮಯ ಹಾಕಿ. ವೈಟ್ನರ್ ಹಚ್ಚುವುದು, ಹಾಳೆ ಬದಲಿಸುವುದು, ಮರುದಿನ ಹಿಂದಿನ ಸಮಯ ಹಾಕಿ ತುಂಬಿಸುವುದು ಹೊಸದೊಂದು ತಪ್ಪು, ಮತ್ತು ಅದು ಮೊದಲಿನದಕ್ಕಿಂತ ದೊಡ್ಡದು. ಮೊದಲಿನದು ಕೈ ಮಾಡಿದ ತಪ್ಪು. ಇದು ಮನಸ್ಸು ಮಾಡಿದ್ದು. ರೋಗಿಯ ಕಡೆಯವರು ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ ಎಂಬುದೂ ನೆನಪಿರಲಿ.

ಉಜಿರೆಯವರಿಗೆ ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಸ್ಥಿತಿ ಬಿಗಡಾಯಿಸಿದರೆ ಆಂಬುಲೆನ್ಸ್ ಹೊರಡುವುದು ಮಂಗಳೂರಿಗೆ, 60 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಯ ವೈದ್ಯರ ಕೈಗೆ ಸಿಗುವುದು ರೆಫರಲ್ ಚೀಟಿ ಮಾತ್ರ. ಅದರಲ್ಲಿ 50 ಯೂನಿಟ್ ಎಂದು ಬರೆದಿರದಿದ್ದರೆ, ಅಜ್ಜನ ಮಂಪರಿಗೆ ಕಾರಣ ಹುಡುಕಲು ಅವರು ತಲೆಯ ಸ್ಕ್ಯಾನ್‌ವರೆಗೆ ಹೋಗಬೇಕಾದೀತು.

ಹಂತ 4: ನಿಮ್ಮೊಳಗಿನ ವಾದವನ್ನು ಎದುರಿಸಿ

ಅಜ್ಜ ಬದುಕಿದರು, ಬೆಳಗಾಯಿತು, ಸಕ್ಕರೆ ಒಂದು ಹಂತಕ್ಕೆ ಬಂತು ಎಂದಿಟ್ಟುಕೊಳ್ಳಿ. ಈಗ ಮನಸ್ಸು ವಕೀಲನಾಗುತ್ತದೆ. ಅದು ಹೂಡುವ ವಾದಗಳು ಹೆಚ್ಚು ಕಡಿಮೆ ಇವೇ. ಒಂದೊಂದನ್ನೂ ತೂಗಿ ನೋಡೋಣ.

“ಏನೂ ಆಗಲಿಲ್ಲವಲ್ಲ, ಇನ್ನು ವರದಿ ಯಾಕೆ?” ಏನೂ ಆಗದಿದ್ದುದು ನಿಮ್ಮ ಜಾಣತನದಿಂದಲ್ಲ, ಅಜ್ಜ ಊಟ ಮಾಡಿದ್ದರು, ನೀವು ಮುಚ್ಚಳದ ಬಣ್ಣ ನೋಡಿದಿರಿ. ನಾಳೆ ಆ ಟ್ರೇ ತೆರೆಯುವ ಹುಡುಗಿ ಬಣ್ಣ ನೋಡದಿರಬಹುದು, ಆ ರೋಗಿ ಊಟ ಬಿಟ್ಟಿರಬಹುದು. ಹಾನಿಯಾಗದೆ ಕೂದಲೆಳೆಯಲ್ಲಿ ತಪ್ಪಿಹೋದ ಘಟನೆಗಳೇ ಎಲ್ಲಕ್ಕಿಂತ ಅಗ್ಗದ ಪಾಠ. ಯಾರೂ ಪ್ರಾಣ ಕೊಡದೆಯೇ ಅವು ಕಲಿಸುತ್ತವೆ.

“ಹೇಳಿದರೆ ಅಜ್ಜ ಹೆದರಿಕೊಳ್ಳುತ್ತಾರೆ, ಪಾಪ.” ಈ ಮಾತನ್ನು ಮತ್ತೊಮ್ಮೆ ಕೇಳಿಕೊಳ್ಳಿ. ಹೆದರುತ್ತಿರುವುದು ಯಾರು? ದೇಹ ಅಜ್ಜನದು. ಅದರೊಳಗೆ ಏನು ಹೋಯಿತೆಂದು ತಿಳಿಯುವ ಹಕ್ಕೂ ಅವರದೇ. ರಾತ್ರಿಯಿಡೀ ಗಂಟೆಗೊಮ್ಮೆ ಬೆರಳು ಚುಚ್ಚಿದ್ದು ಯಾಕೆಂದು ತಿಳಿಯದೆ ಮಲಗಿದ್ದ ಮನುಷ್ಯನಿಗೆ ಸತ್ಯಕ್ಕಿಂತ ಆ ಮೌನವೇ ಹೆಚ್ಚು ಹೆದರಿಕೆ ತಂದಿರುತ್ತದೆ.

“ಸೀನಿಯರ್ ಬೇಡ ಅಂದರು.” ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಸೀನಿಯರ್ ಅಕ್ಕ ನಿಮ್ಮ ಪಕ್ಕದ ಊರಿನವರಾಗಿರಬಹುದು, ಕೆಲಸ ಸಿಗಲು ಒಂದು ಮಾತು ಹೇಳಿದವರೂ ಅವರೇ ಆಗಿರಬಹುದು. ಅವರ ಮೇಲಿನ ಗೌರವವನ್ನು ಬಿಡಬೇಕಾಗಿಲ್ಲ. “ಅಕ್ಕಾ, ನೀವು ನನ್ನ ಒಳ್ಳೇದಕ್ಕೇ ಹೇಳ್ತಾ ಇದ್ದೀರಿ. ಆದರೆ ಇದನ್ನು ಮುಚ್ಚಿಟ್ಟು ನನಗೆ ನಿದ್ದೆ ಬರ್ಲಿಕ್ಕಿಲ್ಲ. ನೀವೂ ನನ್ನ ಜೊತೆ ಬಂದರೆ ಧೈರ್ಯ” ಎನ್ನಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೂ ಅಜ್ಜನ ಮೇಲಿನ ನಿಮ್ಮ ಹೊಣೆಯನ್ನು ಸೀನಿಯರ್ ಮನ್ನಾ ಮಾಡಲಾರರು; ಅದು ಅವರಿಗೆ ಸೇರಿದ್ದಲ್ಲ.

“ಕೆಲಸ ಹೋದರೆ?” ಇದು ನಿಜವಾದ ಭಯ. ಓದಿಗೆಂದು ತೆಗೆದ ಬ್ಯಾಂಕ್ ಸಾಲ, ತಂಗಿಯ ಫೀಸು, ಮನೆಯಲ್ಲಿ ಬೀಡಿ ಕಟ್ಟುವ ಅಮ್ಮ. ಈ ಭಯವನ್ನು ಹಗುರ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ತೂಗುವಾಗ ಎರಡೂ ತಟ್ಟೆ ತುಂಬಿಸಿ. ತಾನಾಗಿ ಬಂದು ಹೇಳಿದವರನ್ನು ಮನೆಗೆ ಕಳಿಸುವ ಸಂಸ್ಥೆಯೂ ಇರಬಹುದು. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದವರ ಪರ ನಿಲ್ಲುವ ಸಂಸ್ಥೆ ಮಾತ್ರ ಎಲ್ಲಿಯೂ ಇರಲಾರದು. ಮೊದಲನೆಯವರ ಕೈಯಲ್ಲಿ ತಮ್ಮ ಪ್ರಾಮಾಣಿಕತೆಯ ದಾಖಲೆಯಾದರೂ ಉಳಿಯುತ್ತದೆ.

ಎಲ್ಲ ವಾದ ಮುಗಿದ ಮೇಲೂ ಗೊಂದಲ ಉಳಿದರೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸುಮ್ಮನಿದ್ದರೆ ಬೆಲೆ ತೆರುವವರು ಯಾರು? ಆ ಬೆಡ್ಡಿನಲ್ಲಿ ನನ್ನ ಅಜ್ಜ ಇದ್ದಿದ್ದರೆ ನಾನು ಏನು ಬಯಸುತ್ತಿದ್ದೆ? ಇದೇ ತಪ್ಪು ಮತ್ತೆ ಆಗದಂತೆ ತಡೆಯಲು ನನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗಬೇಕೇ? ಹತ್ತು ವರ್ಷ ಕಳೆದು ಈ ರಾತ್ರಿಯ ಬಗ್ಗೆ ನನ್ನ ಜೂನಿಯರ್‌ಗೆ ಮುಖ ಕೊಟ್ಟು ಹೇಳಬಲ್ಲೆನೇ?

ಹಂತ 5: ಘಟನಾ ವರದಿ ಬರೆಯಿರಿ

ಕೇಸ್ ಶೀಟ್ ಈ ರೋಗಿಗಾಗಿ. ಘಟನಾ ವರದಿ, ಅಂದರೆ ಇನ್ಸಿಡೆಂಟ್ ಫಾರ್ಮ್, ಮುಂದಿನ ರೋಗಿಗಾಗಿ. ಶಿಫ್ಟ್ ಮುಗಿಯುವ ಮುಂಚೆ ಬರೆಯಿರಿ. ಮನೆಗೆ ಹೋಗಿ ಮಲಗಿ ಎದ್ದರೆ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತದೆ. ಫಾರ್ಮ್ ಇಲ್ಲದ ಸಣ್ಣ ಆಸ್ಪತ್ರೆಯಾದರೆ ಬಿಳಿ ಹಾಳೆಯಲ್ಲಿ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ವೈದ್ಯಾಧಿಕಾರಿಗೆ ಕೊಡಿ.

ಇದರಲ್ಲಿ “ಹೇಗಾಯಿತು” ಎಂಬುದಕ್ಕೆ ಜಾಗ ಕೊಡಿ. ಎರಡು ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿದ್ದವು. ವೈಯಲಿನ ಮೇಲಿನ ಅಕ್ಷರ ಸಣ್ಣದು. ಕರೆಂಟ್ ಹೋಗಿ ಬಂದಿತ್ತು. ಆ ಹೊತ್ತಿಗೆ ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ಅಳತೆಯನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ. ಇವು ನೆಪಗಳಲ್ಲ, ದುರಸ್ತಿ ಮಾಡಬೇಕಾದ ಜಾಗಗಳ ಪಟ್ಟಿ.

ನಮ್ಮ ಹಿರಿಯರು ಸೋಗೆ ಹೊದಿಸಿದ ಮಾಡನ್ನು ಬಲ್ಲವರು. ಒಂದು ಪದರದಲ್ಲಿ ತೂತಿದ್ದರೆ ಮಳೆ ಒಳಗೆ ಬರುವುದಿಲ್ಲ, ಕೆಳಗಿನ ಪದರ ತಡೆಯುತ್ತದೆ. ಎಲ್ಲ ಪದರಗಳ ತೂತೂ ಒಂದೇ ನೇರಕ್ಕೆ ಬಂದ ದಿನ ಚಾಪೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವಘಡಗಳ ಬಗ್ಗೆ ಹೇಳಿದ್ದು ಹೆಚ್ಚು ಕಡಿಮೆ ಇದೇ ಮಾತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ತಂದ ‘ಟು ಎರ್ ಈಸ್ ಹ್ಯೂಮನ್’ ವರದಿ, ಅಲ್ಲಿಯ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಿರಬಹುದೆಂದು ಅಂದಾಜಿಸಿ, ಜನರನ್ನು ದೂರುವುದನ್ನು ಬಿಟ್ಟು ಮಾಡು ಹೊದಿಸಿರಿ ಎಂಬ ಅರ್ಥದ ಸಲಹೆಯನ್ನೇ ಕೊಟ್ಟಿತು. ನಿಮ್ಮ ವರದಿ ಎಂದರೆ ತೂತು ಎಲ್ಲೆಲ್ಲಿದೆಯೆಂದು ತೋರಿಸುವ ಬೆರಳು.

ಹಂತ 6: ಆಸ್ಪತ್ರೆಯ ಹೊರಗೂ ತಿಳಿಸಬೇಕೇ ನೋಡಿ

ಎಲ್ಲ ಘಟನೆಯೂ ಹೊರಗೆ ಹೋಗಬೇಕಾಗಿಲ್ಲ. ಆದರೆ ಕೆಲವಕ್ಕೆ ದೇಶದಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಉಂಟು. ಬರೆದಿಟ್ಟುಕೊಳ್ಳಿ.

ಔಷಧದಿಂದ ಅನಿರೀಕ್ಷಿತ ತೊಂದರೆಯಾದರೆ: ಭಾರತದ ಔಷಧ ಜಾಗೃತಿ ಕಾರ್ಯಕ್ರಮ. 2010ರಲ್ಲಿ ಆರಂಭವಾಯಿತು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. ಉಚಿತ ಕರೆ 1800-180-3024. ವೈದ್ಯರು, ದಾದಿಯರು, ಫಾರ್ಮಾಸಿಸ್ಟರು ಮಾತ್ರವಲ್ಲ, ರೋಗಿಯೇ ತಿಳಿಸಬಹುದು. ಔಷಧವೇ ಕಾರಣವೆಂದು ಸಾಬೀತು ಮಾಡಬೇಕಾಗಿಲ್ಲ, ಸಂಶಯ ಸಾಕು.

ಉಪಕರಣದಿಂದ ತೊಂದರೆಯಾದರೆ: 2015ರಲ್ಲಿ ಆರಂಭವಾದ, ವೈದ್ಯಕೀಯ ಸಾಧನಗಳಿಗೆಂದೇ ಇರುವ ಇಂಥದೇ ಕಾರ್ಯಕ್ರಮ. ರಕ್ತ ಕೊಟ್ಟ ಮೇಲೆ ತೊಂದರೆಯಾದರೆ: 2012ರಲ್ಲಿ ಆರಂಭವಾದ ಹಿಮೋವಿಜಿಲೆನ್ಸ್ ಕಾರ್ಯಕ್ರಮ, ರಕ್ತನಿಧಿಗೆ ಕೂಡಲೇ ಹೇಳಿ.

ಲಸಿಕೆಯ ನಂತರ ಮಗುವಿಗೆ ಗಂಭೀರ ತೊಂದರೆಯಾದರೆ: ಆಶಾ ಕಾರ್ಯಕರ್ತೆ, ಸಿಸ್ಟರ್ ಕೂಡಲೇ ವೈದ್ಯಾಧಿಕಾರಿಗೆ ತಿಳಿಸಬೇಕು, ಅಲ್ಲಿಂದ 24 ಗಂಟೆಯೊಳಗೆ ಜಿಲ್ಲೆಗೆ ವರದಿ ಹೋಗಬೇಕು. ತಾಯಿಯ ಮರಣವಾದರೆ: ಪ್ರತಿಯೊಂದನ್ನೂ ಪರಿಶೀಲಿಸುವ ರಾಷ್ಟ್ರೀಯ ಪದ್ಧತಿ ಇದೆ, ಹೆಸರೆತ್ತಿ ದೂರುವುದು ಅದರ ಉದ್ದೇಶವಲ್ಲ, ಕಾರಣ ಹುಡುಕುವುದು.

ಹಂತ 7: ರೋಗಿಗೆ, ಮನೆಯವರಿಗೆ ಹೇಳಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಹೊಸಬರು ಒಬ್ಬರೇ ಹೋಗಬಾರದು. ಚಿಕಿತ್ಸೆ ಕೊಡುವ ವೈದ್ಯರು ಮಾತಾಡಲಿ, ನೀವು ಜೊತೆಗಿರಿ. ಕಾರಿಡಾರಿನಲ್ಲಿ ನಿಂತು ಬೇಡ. ಕುರ್ಚಿ ಹಾಕಿ ಕೂತು, ಅವರ ಭಾಷೆಯಲ್ಲಿ. ಅಜ್ಜನಿಗೆ ತುಳು ಹಿತವೆಂದರೆ ತುಳುವಿನಲ್ಲಿ, ಬ್ಯಾರಿ ಕುಟುಂಬವಾದರೆ ಆ ಭಾಷೆ ಬಲ್ಲವರೊಬ್ಬರ ಜೊತೆ.

ಹೇಳಬೇಕಾದದ್ದು ಇಷ್ಟು: ಏನಾಯಿತು, ಈಗ ಏನು ಮಾಡುತ್ತಿದ್ದೇವೆ, ಇನ್ನೇನಾಗಬಹುದು, ಮತ್ತೆ ಆಗದಂತೆ ಏನು ಮಾಡುತ್ತೇವೆ. “ಅಜ್ಜಾ, ನಿನ್ನೆ ರಾತ್ರಿ ಇನ್ಸುಲಿನ್ ಬೇಕಾದದ್ದಕ್ಕಿಂತ ಹೆಚ್ಚು ಹೋಯ್ತು. ತಪ್ಪು ನಮ್ಮದು. ಅದಕ್ಕೇ ರಾತ್ರಿಯಿಡೀ ಶುಗರ್ ನೋಡಿದ್ದು. ಇವತ್ತೂ ನೋಡ್ತಾ ಇರ್ತೇವೆ. ಬೇಜಾರಾಯ್ತು ಅಜ್ಜಾ, ಕ್ಷಮಿಸಿ.” ಗೊತ್ತಿಲ್ಲದ್ದನ್ನು ಊಹಿಸಿ ಹೇಳಬೇಡಿ. “ತಿಳಿದ ಕೂಡಲೇ ನಾವೇ ಬಂದು ಹೇಳ್ತೇವೆ” ಎನ್ನಿ, ಹೇಳಿದ ಹೊತ್ತಿಗೆ ಹೋಗಿ.

ಕೋಪ ಬಂದೀತು. ಮಗ ಜೋರಾಗಿ ಮಾತಾಡಿಯಾನು. ಆ ಕೋಪಕ್ಕೆ ಅವನಿಗೆ ಕಾರಣವಿದೆ; ಕೇಳಿಸಿಕೊಳ್ಳಿ. ಆದರೆ ಕೈ ಎತ್ತಲು ಯಾರಿಗೂ ಕಾರಣವಿಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆಯಾದ ಹಲವರ ದೃಷ್ಟಿ ಹೋಯಿತು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ದ್ರವದ ಮೇಲೆ ಸಂಶಯ ಬಂತು. ನವೆಂಬರ್‌ನಲ್ಲಿ ಅಲ್ಲಿಯ ವೈದ್ಯರ ಮೇಲೆ ಹಲ್ಲೆ ನಡೆಯಿತು, ರಾಜ್ಯದ ವೈದ್ಯರು ಮುಷ್ಕರ ಹೂಡಿದರು. ಕಣ್ಣು ಕಳೆದುಕೊಂಡವರ ಸಂಕಟ, ಹೊಡೆಸಿಕೊಂಡವರ ಭಯ ಎರಡೂ ನಿಜ. ಹೊಡೆತದ ಭಯವಿರುವಲ್ಲಿ ಸತ್ಯ ಬಾಯಿಗೆ ಬರುವುದಿಲ್ಲ. ಅದರ ನಷ್ಟ ಮುಂದಿನ ರೋಗಿಗೇ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯದಲ್ಲಿ 2009ರಿಂದ ಕಾನೂನಿದೆ. ಸಂಸ್ಥೆ ಅದನ್ನು ಸಿಬ್ಬಂದಿಗೂ ಸಾರ್ವಜನಿಕರಿಗೂ ತಿಳಿಸಿರಬೇಕು.

ಪೊಲೀಸ್ ಕೇಸಿನ ಭಯದ ಬಗ್ಗೆಯೂ ತಿಳಿದಿರಲಿ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ವೈದ್ಯಕೀಯ ತಪ್ಪು ಅಪರಾಧವೆನಿಸಬೇಕಾದರೆ ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕು, ಮೊಕದ್ದಮೆಗೆ ಮುಂಚೆ ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರ ಚಿಕಿತ್ಸೆಯಲ್ಲಿ ಹಾಗಾದರೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆ ಎರಡನೇ ಮಾತು ದಾದಿಯರನ್ನು ಹೆಸರಿಸುವುದಿಲ್ಲ. ಪ್ರಾಣಾಪಾಯದ ಘಟನೆಯಾದರೆ ಸಂಸ್ಥೆಯ ಹಿರಿಯರ, ಬೇಕಾದರೆ ವಕೀಲರ ಸಲಹೆ ಪಡೆಯುವುದು ನಿಮ್ಮ ಹಕ್ಕು. ಅದನ್ನು ಪಡೆದೂ ಸತ್ಯ ಹೇಳಬಹುದು.

ಹಂತ 8: ಬೇರೆಯವರ ತಪ್ಪು ಕಂಡಾಗ

ಮೊದಲು ರೋಗಿಯನ್ನು ಸುರಕ್ಷಿತಗೊಳಿಸಿ. ಆಮೇಲೆ ಅವರನ್ನೇ ಪಕ್ಕಕ್ಕೆ ಕರೆದು ಹೇಳಿ: “ನಾನು ಇದನ್ನು ನೋಡಿದೆ. ನೀನೇ ಹೇಳಿದರೆ ಒಳ್ಳೇದು, ನಾನು ಜೊತೆಗೆ ಬರ್ತೇನೆ.” ಹೇಳುವ ಅವಕಾಶ ಅವರಿಗೇ ಮೊದಲು ಸಿಗಲಿ. ಆದರೆ ಅದಕ್ಕೆ ಗಡುವು ಇರಬೇಕು: ಅದೇ ಶಿಫ್ಟ್. ಅಷ್ಟರಲ್ಲಿ ಹೇಳದಿದ್ದರೆ ನೀವು ಹೇಳಬೇಕು, ಹೇಳುತ್ತೇನೆಂದು ಅವರಿಗೆ ತಿಳಿಸಿಯೇ. ಬೆನ್ನ ಹಿಂದೆ ಹೇಳಿದರೆ ಅದು ಚಾಡಿ. ಮುಖಕ್ಕೆ ಹೇಳಿ ಹೋದರೆ ವರದಿ. ಕ್ಯಾಂಟೀನಿನಲ್ಲಿ, ಹಾಸ್ಟೆಲಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಮಾತೇ ಬೇಡ.

ಮೇಲಿನವರೇ ಮುಚ್ಚಿಹಾಕಿದರೆ ದಾರಿಗಳಿವೆ. ಖಾಸಗಿ ಆಸ್ಪತ್ರೆಗಳ ಬಗ್ಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ, ಜಿಲ್ಲಾ ಆರೋಗ್ಯಾಧಿಕಾರಿ. ವೈದ್ಯರ ನಡವಳಿಕೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಈ ಮೆಟ್ಟಿಲು ಹತ್ತುವ ಮುಂಚೆ ನಿಮ್ಮಲ್ಲಿರುವುದು ಕಣ್ಣಾರೆ ಕಂಡದ್ದೇ, ಕೇಳಿದ್ದೇ ಎಂದು ಬೇರೆ ಮಾಡಿಕೊಳ್ಳಿ.

ಒಬ್ಬರು ಬರೆದಿಟ್ಟದ್ದರಿಂದ ಎಷ್ಟಾಗಬಹುದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಕಾಸರಗೋಡಿನ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಚಿತ್ರವಾದ ಕಾಯಿಲೆಗಳು ಗುಂಪುಗುಂಪಾಗಿರುವುದನ್ನು ಗಮನಿಸಿ, ಬರೆದಿಟ್ಟು, ಹೊರಗಿನವರಿಗೆ ತಿಳಿಸುತ್ತ ಬಂದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಜನರ ಮುಂದಿಟ್ಟರು. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಕಥೆ ಹಾಗೆ ಹೊರಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು. ನಮ್ಮ ತಾಲೂಕಿನ ಕೊಕ್ಕಡದ ಮನೆಗಳಿಗೆ ಆ ವಿಷದ ನೋವು ಏನೆಂದು ಗೊತ್ತು. ಅದು ವಾರ್ಡಿನ ತಪ್ಪಲ್ಲ, ನಿಜ. ಆದರೆ ಕಂಡದ್ದನ್ನು ಬರೆದಿಡುವ ಅಭ್ಯಾಸ ಒಂದೇ.

ಹಂತ 9: ಕೇಳಿಸಿಕೊಳ್ಳುವವರಿಗೆ

ಇನ್‌ಚಾರ್ಜ್ ಸಿಸ್ಟರ್, ಸೂಪರಿಂಟೆಂಡೆಂಟ್, ಆಡಳಿತದವರೇ, ಈ ಹಂತ ನಿಮ್ಮದು. ಹುಡುಗಿ ನಡುಗುತ್ತ ಬಂದು ಹೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಇಡೀ ವಾರ್ಡಿನ ಮುಂದಿನ ಹತ್ತು ವರ್ಷವನ್ನು ತೀರ್ಮಾನಿಸುತ್ತದೆ. “ಹೇಳಿದ್ದು ಒಳ್ಳೇದಾಯ್ತು. ಅಜ್ಜ ಹೇಗಿದ್ದಾರೆ?” ಎಂಬುದು ಆ ವಾಕ್ಯವಾಗಲಿ. ಹೇಳಿದ್ದಕ್ಕೆ ಮೆಮೊ ಕೊಟ್ಟರೆ ತಪ್ಪುಗಳು ನಿಲ್ಲುವುದಿಲ್ಲ, ನಿಮ್ಮ ಕಿವಿಗೆ ಬೀಳುವುದು ನಿಲ್ಲುತ್ತದೆ.

ಎಲ್ಲವನ್ನೂ ಮನ್ನಿಸಿ ಎಂದು ಹೇಳುತ್ತಿಲ್ಲ. ಮೂರನ್ನು ಬೇರೆ ಮಾಡಿ. ಕೈತಪ್ಪಿ ಆದದ್ದು: ಸಮಾಧಾನ ಹೇಳಿ, ವ್ಯವಸ್ಥೆ ಸರಿಪಡಿಸಿ. ಎಲ್ಲರೂ ಹೀಗೇ ಮಾಡುತ್ತಾರೆಂದು ಹಿಡಿದ ಅಡ್ಡದಾರಿ: ಕೂರಿಸಿ ತಿಳಿಹೇಳಿ, ಎಲ್ಲರೂ ಯಾಕೆ ಹಾಗೆ ಮಾಡುತ್ತಾರೆಂದು ಹುಡುಕಿ. ಅಪಾಯವೆಂದು ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು, ಕುಡಿದು ಬಂದದ್ದು, ದಾಖಲೆ ತಿದ್ದಿದ್ದು: ಕ್ರಮ ಜರುಗಿಸಿ.

ಇವನ್ನು ಬೆರೆಸಿದರೆ ಏನಾಗುತ್ತದೆಂದು ಅಮೆರಿಕ ಕಂಡಿದೆ. 2017ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ರಾಡೊಂಡಾ ವಾಟ್, ಶಮನಕಾರಿ ಔಷಧದ ಬದಲು ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಕೊಟ್ಟರು, ರೋಗಿ ತೀರಿಕೊಂಡರು. ತಪ್ಪು ತಿಳಿದ ಕೂಡಲೇ ಅವರು ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಮೂರು ವರ್ಷದ ಪ್ರೊಬೇಷನ್ ಆಯಿತು. ಅವರ ಕಡೆಯಿಂದ ಗಂಭೀರ ಅಜಾಗರೂಕತೆ ಇತ್ತು, ಒಂದು ಜೀವ ಹೋಗಿತ್ತು, ಅದನ್ನು ಮರೆಯಬಾರದು. ಆದರೂ ಇನ್ನು ತಪ್ಪು ಹೇಳಿಕೊಳ್ಳುವವರು ಯಾರು ಎಂದು ದಾದಿಯರು ದೇಶವಿಡೀ ಕೇಳಿದರು. ಆ ಪ್ರಶ್ನೆ ಗಟ್ಟಿಯಾಗಿತ್ತು: 2024ರಲ್ಲಿ ಕೆಂಟಕಿ ರಾಜ್ಯ ಚಿಕಿತ್ಸೆಯಲ್ಲಿ ಆಗುವ ಕೈತಪ್ಪುಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಾನೂನು ತಂದಿತು.

ವರದಿ ಬಂದ ಮೇಲೆ ಒಂದಾದರೂ ಬದಲಾವಣೆ ಕಣ್ಣಿಗೆ ಕಾಣಬೇಕು. 100ರ ವೈಯಲ್, ಕಿತ್ತಳೆ ಸಿರಿಂಜ್ ಒಂದು ಡಬ್ಬಿಯಲ್ಲಿ; 40ರದ್ದು, ಕೆಂಪಿನದ್ದು ಇನ್ನೊಂದರಲ್ಲಿ. ಚುಚ್ಚುವ ಮುಂಚೆ ಇನ್ನೊಬ್ಬರಿಗೆ ತೋರಿಸುವ ಪದ್ಧತಿ. ಖರ್ಚು ಹೆಚ್ಚೇನೂ ಇಲ್ಲ.

ಹಂತ 10: ತಪ್ಪು ಮಾಡಿದವರನ್ನೂ ನೋಡಿಕೊಳ್ಳಿ

ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಇಂಥವರನ್ನು ಎರಡನೇ ಸಂತ್ರಸ್ತರು ಎಂದು ಕರೆದರು. ಮೊದಲ ಸಂತ್ರಸ್ತರು ರೋಗಿಯೇ. ಆ ಕ್ರಮ ಬದಲಾಗಬಾರದು. ಆದರೆ ಆ ಹುಡುಗಿ ಊಟ ಬಿಟ್ಟಿರಬಹುದು, ಸಿರಿಂಜ್ ಹಿಡಿಯಲು ಕೈ ನಡುಗುತ್ತಿರಬಹುದು. ಒಂದು ದಿನ ರಜೆ ಕೊಡಿ. ಮರಳಿ ಬಂದ ದಿನ ಪಕ್ಕದಲ್ಲಿ ನಿಂತು ಇನ್ಸುಲಿನ್ ಕೊಡಿಸಿ. ಮನಸ್ಸು ಕುಸಿಯುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿ.

ಕೊನೆಗೊಂದು ಕೆಲಸ. ನಾಳೆ ಡ್ಯೂಟಿಗೆ ಹೋದಾಗ ಓವರ್ ತೆಗೆದುಕೊಳ್ಳುವ ಮುಂಚೆ ನಿಮ್ಮ ವಾರ್ಡಿನ ಇನ್ಸುಲಿನ್ ಟ್ರೇ ತೆರೆದು ನೋಡಿ. ಕೆಂಪೂ ಕಿತ್ತಳೆಯೂ ಒಟ್ಟಿಗೆ ಬಿದ್ದಿದ್ದರೆ ಬೇರೆ ಮಾಡಿ ಇಡಿ, ಹಾಗೆ ಬಿದ್ದಿತ್ತೆಂದು ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ನಿಮ್ಮ ಮೊದಲ ವರದಿ ಅದೇ ಆಗಲಿ.